ಅಪ್ಪನ ಮಂಡಿಗೆ ತಕ್ಕ ಮೆಟ್ಟಿಲು

ಆಸ್ಟಿನ್, ಗುರುವಾರ

ಪ್ರೀತಿಯ ಅಪ್ಪನಿಗೆ, ನಿಮ್ಮ ಊಟದ ಮೇಜಿನ ವಿರೋಧ ಪಕ್ಷದ ನಮಸ್ಕಾರ.

ನೀವು ಕೇಳಿದ್ದಕ್ಕೆ ಫೋನಿನಲ್ಲಿ ಉತ್ತರ ಕೊಡಲಾಗಲಿಲ್ಲ. ಕೂತು, ಎದ್ದು, ಮತ್ತೆ ಕೂತು, ಕೊನೆಗೆ ಈ ಇಮೇಲ್ ಬರೆಯುತ್ತಿದ್ದೇನೆ. ಬೇಟೆ ತಪ್ಪು ಎಂದು ದ ಡೊಮೇನ್ ಮಾಲ್‌ನಲ್ಲಿ ನಿಂತು ಕರಪತ್ರ ಹಂಚುವ ಮಗಳನ್ನೇ "ಜಿಂಕೆ ಹೊಡೆಯೋಕೆ ಮರ ಹತ್ತಬೇಕು, ಮರಕ್ಕೆ ಬಿಗಿಯೋ ಮೆಟ್ಟಿಲಿನ ಸ್ಟಿಕ್ ಯಾವುದು ತಗೊಳ್ಳಲಿ ಹೇಳಮ್ಮ" ಎಂದು ಕೇಳುವ ಅಪ್ಪ ಇಡೀ ಟೆಕ್ಸಾಸ್‌ನಲ್ಲಿ ಇನ್ನೊಬ್ಬರಿರಲಾರರು. ನಾನು ಜಿಮ್‌ನಲ್ಲಿ ಗೋಡೆ ಹತ್ತುತ್ತೇನೆ ಎನ್ನುವುದು ನಿಮ್ಮ ನೆಪ. ನಿಜವಾದ ಕಾರಣವನ್ನೂ ನೀವೇ ಹೇಳಿದಿರಿ: "ಅಂಗಡಿಯವನು ಮಾರೋಕೆ ಹೇಳ್ತಾನೆ, ವೆಂಕಟೇಶ ಜಂಬಕ್ಕೆ ಹೇಳ್ತಾನೆ. ನೀನು ಜಗಳ ಆಡ್ತೀಯ, ಆದ್ರೆ ಸುಳ್ಳು ಹೇಳಲ್ಲ."

ಆ ಮಾತು ನನ್ನನ್ನು ಸುಮ್ಮನಿರಲು ಬಿಡುತ್ತಿಲ್ಲ. ಅದಾದ ಮೇಲೆ ಅಮ್ಮ ಫೋನ್ ಮಾಡಿದ್ದಳು. "ಯಾವುದೂ ಅವರ ಮಂಡಿಗೆ ಆಗಲ್ಲ ಅಂದ್ಬಿಡು ಪ್ರಗತಿ. ನಾನು ಹೇಳಿದ್ರೆ ಕಿವಿಗೇ ಹಾಕ್ಕೊಳ್ಳಲ್ಲ, ನೀನಂದ್ರೆ ಕೇಳ್ತಾರೆ." ಒಂದೇ ಒಂದು ಸುಳ್ಳು, ಅಪ್ಪ. ಅಮ್ಮನ ಭಯ ಹೋಗುತ್ತದೆ, ಒಂದು ಜಿಂಕೆ ಬದುಕುತ್ತದೆ. ನನ್ನ ಕರಪತ್ರಗಳೆಲ್ಲ ಸೇರಿ ಇನ್ನೂ ಒಂದನ್ನೂ ಉಳಿಸಿಲ್ಲ.

ಆ ಸುಳ್ಳು ನಿಜವೇ ಇದ್ದರೂ ಇರಬಹುದು ಎಂಬ ಆಸೆಯಿಂದ ನಿನ್ನೆ ಬೇಟೆ ಸಾಮಾನಿನ ಅಂಗಡಿಗೆ ಹೋದೆ. ಆಪರೇಷನ್ ಆದ ಮೇಲೆ ನಿಮ್ಮ ಬಲ ಮಂಡಿ ಪೂರ್ತಿ ಮಡಚುವುದಿಲ್ಲವಲ್ಲ, ಅದಕ್ಕೆ ನನ್ನ ಬಲ ಮಂಡಿಗೂ ಬ್ಯಾಂಡೇಜ್ ಬಿಗಿದುಕೊಂಡೆ. ಅಲ್ಲಿ ಹತ್ತಿ ನೋಡಲೆಂದೇ ಒಂದು ದಪ್ಪ ಮರದ ಬೊಡ್ಡೆ ನಿಲ್ಲಿಸಿದ್ದಾರೆ. ಸ್ಯಾಡಲ್ ಪಟ್ಟಿಯನ್ನು ಸೊಂಟಕ್ಕೆ ಕಟ್ಟಿ, ಹಗ್ಗವನ್ನು ಬೊಡ್ಡೆಗೆ ಸುತ್ತಿ ಶುರು ಮಾಡಿದೆ.

ಮೊದಲು ನಿಮ್ಮ ಬೇಟೆಯ ಜೊತೆಗಾರ ವೆಂಕಟೇಶ್ ಅಂಕಲ್ ಹೇಳಿದ ರೀತಿ: ಎರಡೇ ಸ್ಟಿಕ್, ಪ್ರತಿಯೊಂದರ ಕೆಳಗೂ ಉದ್ದದ ಏಡರ್, ಅಂದರೆ ನೇತಾಡುವ ಪಟ್ಟಿಯ ಮೆಟ್ಟಿಲು. ಹೊರುವುದಕ್ಕೆ ಹಗುರ, ನಿಜ. ಆದರೆ ಆ ಪಟ್ಟಿಯ ಮೆಟ್ಟಿಲಿಗೆ ಕಾಲಿಟ್ಟ ಕೂಡಲೇ ಅದು ಬೊಡ್ಡೆಯ ಕಡೆ ಜಾರಿ ಪಾದವೇ ತಿರುಗಿತು. ಅಲ್ಲಿಂದ ಸ್ಟಿಕ್‌ಗೆ ಕಾಲು ಎತ್ತಬೇಕಾದರೆ ಮಂಡಿ ಎದೆಯ ಹತ್ತಿರ ಬರಬೇಕು. ನನ್ನ ಕಟ್ಟಿದ ಮಂಡಿ ಬರಲಿಲ್ಲ. ಹಗ್ಗಕ್ಕೆ ಜೋತುಬಿದ್ದು ನೇತಾಡಿದೆ. ಆಗ ನನಗೆ ಖುಷಿಯಾಯಿತು. ಅಮ್ಮನಿಗೆ ಹೇಳಲು ಮಾತು ಸಿಕ್ಕಿತು ಎಂದುಕೊಂಡೆ. ಅಲ್ಲಿಗೇ ಮನೆಗೆ ಹೋಗಬಹುದಿತ್ತು.

ಹೋಗಲಿಲ್ಲ. ನಾಲ್ಕು ಸ್ಟಿಕ್ ಬಿಗಿಸಿದೆ, ಎರಡೂ ಕಡೆ ಅಗಲವಾದ ಮೆಟ್ಟಿಲಿರುವಂಥವು. ಏಡರ್ ಒಂದೇ, ಅದೂ ಗಿಡ್ಡದ್ದು, ಕಾಲಿಟ್ಟರೆ ಮಡಚಿಕೊಳ್ಳದ್ದು, ತೀರಾ ಕೆಳಗಿನ ಸ್ಟಿಕ್‌ಗೆ ಮಾತ್ರ. ನಿಧಾನವಾಗಿ ಹತ್ತಿದೆ. ಬ್ಯಾಂಡೇಜ್ ಬಿಚ್ಚದೆ ಇಳಿದೂ ಬಂದೆ.

ಹಾಗಾಗಿ ನಿಜ ಇಷ್ಟು: ನೀವು ಹತ್ತಬಹುದು. ಇದನ್ನು ಬರೆಯುವಾಗ ನನಗೆ ನನ್ನ ಮೇಲೆ ಸಿಟ್ಟು ಬರುತ್ತಿದೆ. ನನ್ನ ನಿಲುವು ಬದಲಾಗಿಲ್ಲ. ಫ್ರಿಜ್ ತುಂಬಿರುವ ಮನೆಯವರು ಇನ್ನೊಂದು ಜೀವ ತೆಗೆಯುವುದಕ್ಕೆ ನನ್ನ ಬಳಿ ಕ್ಷಮೆ ಇಲ್ಲ. ಆದರೆ ನಿಮ್ಮನ್ನು ಸುಳ್ಳಿನಿಂದ ಗೆದ್ದರೆ, ನಾಳೆ ನಾನು ಹೇಳುವ ನಿಜವನ್ನು ನೀವು ಯಾಕೆ ನಂಬಬೇಕು?

ಹೊರೆ ಜಾಸ್ತಿಯಾಯಿತೆಂದು ವೆಂಕಟೇಶ್ ಅಂಕಲ್ ನಗುತ್ತಾರೆ, ನಗಲಿ. ಶನಿವಾರ ಬಿಲ್ಲುಬೇಟೆಯ ಸೀಸನ್ ಶುರುವಾಗುವ ಮೊದಲೇ ನಾಳೆ ಸಂಜೆ ಆ ನಾಲ್ಕು ಸ್ಟಿಕ್, ಏಡರ್ ಎಲ್ಲವನ್ನೂ ಕೊಂಡು ಕಾರಿಗೆ ಹಾಕಿಕೊಂಡು ಸೈಪ್ರೆಸ್‌ನ ಮನೆಗೆ ಡ್ರೈವ್ ಮಾಡಿಕೊಂಡು ಬರುತ್ತೇನೆ. ಹಿತ್ತಲ ಓಕ್ ಮರವನ್ನು ನನ್ನ ಕಣ್ಣೆದುರು ಒಮ್ಮೆ ಹತ್ತಿ ಇಳಿಯಿರಿ. ನೆಲದಿಂದ ಕಾಲು ಎತ್ತಿದ ಕ್ಷಣದಿಂದ ಸೊಂಟದ ಹಗ್ಗ ಮರವನ್ನು ಸುತ್ತಿರಬೇಕು. ಇದರಲ್ಲಿ ಮಾತ್ರ ಚೌಕಾಸಿ ಇಲ್ಲ. ಅಮ್ಮನಿಗೆ ನಾನೇ ಹೇಳುತ್ತೇನೆ, ಬೈಗುಳ ನನ್ನ ಪಾಲಿಗಿರಲಿ.

ಮಗಳು ಅಪ್ಪನನ್ನು ಹರಸುವುದುಂಟೋ ಇಲ್ಲವೋ, ನಾನು ಹರಸುತ್ತೇನೆ. ನಿಮ್ಮ ಬಾಣಕ್ಕೆ ಒಂದು ಜೀವವೂ ಸಿಗದಿರಲಿ. ನಿಮ್ಮ ಕಾಲಿಗೆ ಪ್ರತಿ ಮೆಟ್ಟಿಲೂ ಸಿಗಲಿ.

ನಿಮ್ಮ ಜಗಳಗಂಟಿ,
ಪ್ರಗತಿ