ನೆಗಡಿಯಾದ ಗೋಡೆ

ಅಪ್ಪಾ,

ಒಂದೂರಿನ ಕೆರೆ ಪಕ್ಕದ ಮನೆಯಲ್ಲಿ ನೆಲಮಾಳಿಗೆಯ ಗೋಡೆಗೆ ನೆಗಡಿಯಾಗಿತ್ತಂತೆ. ಹಗಲೂ ರಾತ್ರಿ ಮೂಗು ಸೋರುತ್ತಿತ್ತಂತೆ. ಮಳೆಯಲ್ಲಿ ನೆಂದ ಕುರಿಮರಿಗೆ ಕಂಬಳಿ ಹೊದಿಸಿ ರೂಢಿಯಿದ್ದ ಯಜಮಾನನಿಗೆ ಕರುಳು ಚುರ್ರೆಂದಿತು. ಪೂಜೆಯ ಗದ್ದುಗೆಗೆಂದು ಅಜ್ಜಿ ನೂಲು ತೆಗೆದು ನೇಯಿಸಿದ್ದ ಕರಿ ಕಂಬಳಿಯನ್ನೇ ಗೋಡೆಗೆ ಹೊದಿಸಿ ಮೊಳೆ ಹೊಡೆದ. "ಬೆಚ್ಚಗಿರ್ಲಿ ಬಿಡು, ತಾನೇ ಒಣಗ್ತೈತೆ" ಅಂದ. ಗೋಡೆ ಒಣಗಲಿಲ್ಲ, ಕಂಬಳಿಯ ಮೇಲೆ ಅಣಬೆ ಎದ್ದವು.

ಆ ಯಜಮಾನ ನೀನೇ ಅಪ್ಪಾ.

ಅಜ್ಜಿಯನ್ನು ಕರೆತರಲು ಶ್ರೀರಾಂಪುರಕ್ಕೆ ಹೊರಟೆ. ನಾಳೆ ಪೂಜೆ. ಆ ಕಂಬಳಿಯನ್ನು ಈ ಗತಿಯಲ್ಲಿ ಕಂಡರೆ ಅಜ್ಜಿ ನಿನ್ನ ಜೊತೆ ಮಾತು ಬಿಡುತ್ತಾಳೆ, ನನಗೆ ಕಥೆ ಹೇಳುವುದನ್ನೂ ಬಿಡುತ್ತಾಳೆ. ಮೊದಲು ಅದನ್ನು ಬಿಚ್ಚಿ, ಕೊಡವಿ, ಬಿಸಿಲಿಗೆ ಹಾಕು. ಗವಾಕ್ಷಿ ತೆಗೆ. ಉಬ್ಬಿದ ಗಾರೆ ಕೆರೆದು ಫ್ಯಾನ್ ಹಾಕು. ಗೋಡೆ ಪೂರ್ತಿ ಒಣಗಿದ ಮೇಲೇ ಓಬಯ್ಯ ಮೇಸ್ತ್ರಿ ನೀರು ತಡೆಯುವ ಗಾರೆ ಬಳಿಯುವುದು. ಮೆಣಸಿನ ಕಷಾಯ ಮಾತ್ರ ಇನ್ನು ಇಡಬೇಡ. ಬೆಳಿಗ್ಗೆ ಇಟ್ಟ ಲೋಟ ಅಲ್ಲೇ ಇದೆ, ಗೋಡೆ ಕುಡಿದಿಲ್ಲ. ಮುದ್ದೆ ಮುಚ್ಚಿಟ್ಟಿದ್ದೇನೆ, ಉಣ್ಣು.

ಮೀನಾಕ್ಷಿ

(ಚೀಟಿಯ ಹಿಂದೆ, ಅಪ್ಪನ ಅಕ್ಷರದಲ್ಲಿ)

ಎಲ್ಲಾ ಮಾಡೀನಿ ಕಣವ್ವಾ. ಕಂಬಳಿ ಒಣಗೈತೆ, ಗೋಡೆ ಉಸಿರಾಡ್ತೈತೆ. ನೆಗಡಿ ಈಗ ನಂಗೆ ಬಂದೈತೆ. ಆ ಕಷಾಯ ನಾನೇ ಕುಡ್ದೆ.