ಅರ್ಪಿತ ಕೂಡಿಟ್ಟ ಕಂಪ್ಯೂಟರ್

ತಿ. ನರಸೀಪುರ
೧೪-೬-೨೦೦೬

ಮಗಳು ಅರ್ಪಿತಳಿಗೆ ಅಪ್ಪನ ಆಶೀರ್ವಾದ.

ನಿನ್ನ ತಮ್ಮ ರುದ್ರೇಶನಿಗೆ ಗೇಮ್ ಆಡುವ ಕಂಪ್ಯೂಟರನ್ನು ರೆಡಿಮೇಡ್ ತರುವುದೋ, ಅಸೆಂಬಲ್ ಮಾಡಿಸುವುದೋ ಎಂದು ಕೇಳಿದ್ದೆ. ಅಸೆಂಬಲ್ ಮಾಡಿಸುವುದೇ ಮೇಲು ಎಂದು ನೀನು ಎರಡು ಪುಟ ಬರೆದೆ. ನಿನ್ನ ಮಾತಿನಂತೆಯೇ ನಡೆದಿದ್ದೇನೆ. ನಿನ್ನ ಸ್ವಂತ ಕಂಪ್ಯೂಟರಿಗೆಂದು ಎರಡು ವರ್ಷದಿಂದ ನೀನು ಕೂಡಿಟ್ಟಿದ್ದ ಬಿಡಿಭಾಗಗಳ ಪೆಟ್ಟಿಗೆಯನ್ನು ತೆಗೆದುಕೊಂಡು, ರುದ್ರೇಶನ ಜೊತೆ ನಂಜನಗೂಡಿನ ಅಂಗಡಿಗೆ ಹೋದೆ. ಹೆಣ್ಣುಮಗಳಿಗೆ ಗೇಮ್ ಯಾತಕ್ಕೆ.

ಅಂಗಡಿಯ ಪ್ರೇಮ್‌ಕುಮಾರ್ ಒಂದೊಂದನ್ನೂ ತಿರುಗಿಸಿ ನೋಡಿ, "ಯಾರು ಸಾ ಇದ್ನೆಲ್ಲ ಆರ್ಸಿದ್ದು? ಒಂದಕ್ಕೊಂದು ಎಷ್ಟ್ ಚೆಂದಾಗಿ ಕೂತ್ಕತವೆ. ಅವ್ರನ್ನ ನಮ್ಮಂಗ್ಡೀಗೆ ಕಳ್ಸಿ, ಕೆಲ್ಸ ಕೊಡ್ತೀನಿ," ಎಂದ.

ನಾನು ರುದ್ರೇಶನ ಹೆಗಲ ಮೇಲೆ ಕೈಯಿಟ್ಟು, "ಇವ್ನೇ ಕಣಪ್ಪ," ಎಂದೆ.

ಸೋಮವಾರದಿಂದ ಅವನು ಅಲ್ಲಿ ಕೆಲಸಕ್ಕೆ ಹೋಗುತ್ತಿದ್ದಾನೆ. ನೀನು ಬೇಸರ ಮಾಡಿಕೊಳ್ಳುವ ಹುಡುಗಿಯಲ್ಲ ಎಂದು ನಿನ್ನ ಅವ್ವನಿಗೆ ಹೇಳಿದ್ದೇನೆ. ಅವಳು ಎರಡು ದಿನದಿಂದ ನನ್ನೊಡನೆ ಮಾತು ಬಿಟ್ಟಿದ್ದಾಳೆ.

ನಿನ್ನಿಂದ ಒಂದು ಕೆಲಸ ಆಗಬೇಕು. ರುದ್ರೇಶನಿಗೆ ಕಂಪ್ಯೂಟರ್ ಬಿಚ್ಚುವುದೂ ಬಾರದು, ಜೋಡಿಸುವುದೂ ಬಾರದು. ತಿಳಿಯದೇ ಇದ್ದಾಗಲೆಲ್ಲ ಅಂಗಡಿಯಿಂದ ನಿನ್ನ ಹಾಸ್ಟೆಲ್ಲಿಗೆ ಫೋನ್ ಮಾಡುತ್ತಾನೆ. ಯಾವುದನ್ನು ಎಲ್ಲಿಗೆ ಸಿಕ್ಕಿಸಬೇಕು ಎಂದು ಬಿಡಿಸಿ ಹೇಳಿಕೊಡು. ಯಾರೊಡನೆ ಮಾತನಾಡುತ್ತಿದ್ದಾನೆಂದು ಪ್ರೇಮ್‌ಕುಮಾರನಿಗೆ ಗೊತ್ತಾಗಬಾರದು.

ಫೋನ್ ಹಿಡಿದುಕೊಂಡು ಅಳಬೇಡ. ಅಲ್ಲಿ ಗಿರಾಕಿಗಳು ಕಾಯುತ್ತಿರುತ್ತಾರೆ.

ನಿನ್ನ ಒಳಿತನ್ನೇ ಬಯಸುವ ಅಪ್ಪ,
ಪುಟ್ಟಬಸವಯ್ಯ