ಅಪ್ಪನ ಬೆರಳಿಗೆ ಸಿಕ್ಕಿದ ಬಿರುಕು

ಮೇ ೧೪, ಗುರುವಾರ

ಬೆಳಿಗ್ಗೆ ಅಪ್ಪನ ಮೇಲೆ ರೇಗಿದ್ದು ಇನ್ನೂ ಚುಚ್ಚುತ್ತಿದೆ. ನಾಳೆ ಕಾರಿನ ಹಿಂದೆ ಕ್ಯಾರವಾನ್, ಅದೇ ನಮ್ಮ ಗಾಲಿಮನೆ, ಕಟ್ಟಿಕೊಂಡು ಹೊರಡಬೇಕು. ಅಪ್ಪ ನೋಡಿದರೆ ಅದರ ಟೈರಿನ ಮುಂದೆ ಕುಕ್ಕರುಗಾಲಲ್ಲಿ ಕೂತು, ಪಕ್ಕದ ರಬ್ಬರನ್ನು ಸವರುತ್ತಾ, "ಇದು ಬೇಡ ಕಣೇ, ಬಿರುಕು ಬಿಟ್ಟಿದೆ" ಅಂದರು.

"ಗ್ರಿಪ್ ಒಂಚೂರೂ ಸವೆದಿಲ್ಲ. ಕಣ್ಣೇ ಸರಿಯಾಗಿ ಕಾಣಲ್ಲ, ನಿಮಗೇನು ಗೊತ್ತಾಗುತ್ತೆ?" ಅಂದುಬಿಟ್ಟೆ. ಮೂವತ್ತು ವರ್ಷ ಬಸ್ ಓಡಿಸಿದವರಿಗೆ!

ಪುಣ್ಯಕ್ಕೆ ಅಪ್ಪ ಹಟ ಬಿಡಲಿಲ್ಲ. ಟೈರ್ ಅಂಗಡಿಯವನು ಟಾರ್ಚ್ ಹಿಡಿದು ತೋರಿಸಿದ. ಸುತ್ತಲೂ ಕೂದಲೆಳೆಯಂಥ ಬಿರುಕುಗಳು.

"ಒಂಬತ್ತು ವರ್ಷದ ಹಳೇ ಟೈರು ಮೇಡಂ. ನಿಂತಲ್ಲೇ ನಿಂತಿದ್ರೆ ಸವೆಯೋದು ಹೇಗೆ? ಅದೂ ಅಲ್ದೆ ಇದು ಕಾರಿಂದು, ಇಷ್ಟು ಭಾರ ತಡೆಯಲ್ಲ. ಸ್ಪೀಡಲ್ಲಿ ಒಡೆದಿದ್ರೆ ಕ್ಯಾರವಾನ್ ನಿಮ್ಮ ಕಾರನ್ನೂ ಎಳ್ಕೊಂಡು ಮಗುಚ್ತಿತ್ತು."

ಆ ಭಾರಕ್ಕೆ ತಕ್ಕ ಹೊಸ ಟೈರುಗಳನ್ನೇ ಹಾಕಿಸಿದೆ.

ಮನೆಗೆ ಬಂದಮೇಲೆ ಅಪ್ಪ ಎರಡೂ ಹೊಸ ಟೈರುಗಳನ್ನು ಸವರಿ ನೋಡಿದರು. ಬೆಳಗಿನ ಮಾತು ಎತ್ತಲೇ ಇಲ್ಲ. "ನಾಳೆ ನಿನ್ನ ಪಕ್ಕದ ಸೀಟಲ್ಲಿ ಚೆನ್ನಾಗಿ ನಿದ್ದೆ ಹೊಡೀತೀನಿ" ಅಂದರು, ಅಷ್ಟೆ.

ಬೇರೆಯವರು ಗಾಡಿ ಓಡಿಸುವಾಗ ಅಪ್ಪ ಕಣ್ಣು ಮುಚ್ಚಿದ್ದನ್ನು ನಾನು ಇವತ್ತಿನವರೆಗೂ ಕಂಡಿಲ್ಲ.